ಟವೆಲ್ ತೆಗೆದಿಟ್ಟು ನೀರಿಗಿಳಿಯಲು ಒಂದು ತೀರ

ಹಾಸನದ ಗೆಳತಿಗೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪತ್ರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ ನಲವತ್ತಾರು ವರ್ಷ. ಎರಡು ವರ್ಷದ ಹಿಂದೆ ಈಜು ಕಲಿತಿರಿ. ಈಗ ಕೊಳದಲ್ಲಿ ನಿಲ್ಲಿಸದೆ ಇಪ್ಪತ್ತು ಸುತ್ತು ಹೊಡೆಯುತ್ತೀರಿ. ಮಗಳು ಹುಟ್ಟುಹಬ್ಬಕ್ಕೆ ಎರಡು ತುಂಡಿನ ಈಜುಡುಗೆ ಕೊಡಿಸಿದಳು. ಅದನ್ನು ಹಾಕಿಕೊಂಡು ಒಮ್ಮೆಯಾದರೂ ಸಮುದ್ರದಲ್ಲಿ ಈಜಬೇಕು ಅಂತ ಅಕ್ಕನ ಜೊತೆ ಕರಾವಳಿಗೆ ಹೋದಿರಿ. ಮುಂದಿನದು ನಿಮ್ಮ ಮಾತಲ್ಲೇ ಇರಲಿ: "ದಡದಲ್ಲಿ ಟವೆಲ್ ಸುತ್ತಿಕೊಂಡು ಅರ್ಧ ಗಂಟೆ ನಿಂತಿದ್ದೆ. ಟವೆಲ್ ಸ್ವಲ್ಪ ಸರಿಸಿದ ಕೂಡಲೇ ಮೂವರು ಹುಡುಗರು ಮೊಬೈಲ್ ಎತ್ತಿದರು. ಕಾಲು ಕೂಡ ಒದ್ದೆ ಮಾಡಿಕೊಳ್ಳದೆ ರೂಮಿಗೆ ವಾಪಸ್ ಬಂದೆ. ನಮ್ಮಂಥವರಿಗೆ ಎಲ್ಲಾದರೂ ಜಾಗ ಇದೆಯಾ? ಇಲ್ಲ, ನನ್ನದೇ ಅತಿಯಾಸೆಯಾ?"

ಅತಿಯಾಸೆ ಅಲ್ಲ. ಈಜು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಕಡಿಮೆ ಇದ್ದಷ್ಟೂ ನೀರು ಮೈಯನ್ನು ಹಿಡಿದೆಳೆಯುವುದು ಕಡಿಮೆ. ಅಲೆ ನೇರವಾಗಿ ಬೆನ್ನಿಗೆ ತಾಗುವ ಸುಖವೇ ಬೇರೆ. ಅದು ಬೇಕು ಅನ್ನಿಸಿದ್ದಕ್ಕೆ ನೀವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಆ ಹುಡುಗರ ಕಥೆ ಓದಿ ನನಗೆ ಸಿಟ್ಟು ಬಂತು. ಎರಡು ವರ್ಷ ಕಷ್ಟಪಟ್ಟು ಕಲಿತದ್ದನ್ನು ಅರ್ಧ ಗಂಟೆಯಲ್ಲಿ ಕಿತ್ತುಕೊಂಡರಲ್ಲ!

ಇನ್ನು ಜಾಗದ ವಿಷಯ. ಇಲ್ಲಿ ನನ್ನದೊಂದು ಅನುಭವ ಹೇಳಬೇಕು.

ಕೆಲವು ವರ್ಷದ ಹಿಂದೆ ಗೋಕರ್ಣದ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಬೆಳಿಗ್ಗೆ ಎಂಟು ಗಂಟೆ ಇರಬೇಕು. ಒಬ್ಬರು ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿ ಗೋಣಿ ಹಾಸಿ ಹರಿವೆ ಸೊಪ್ಪಿನ ಕಟ್ಟು, ಎಳೆ ಸೌತೆಕಾಯಿ ಇಟ್ಟುಕೊಂಡು ಕೂತಿದ್ದರು. ಕತ್ತಿನ ತುಂಬ ಮಣಿಸರಗಳು, ಎದೆ ಮುಚ್ಚುವಷ್ಟು. ರವಿಕೆ ಇಲ್ಲ, ಬೆನ್ನು ಬರಿದು. ಅವರ ಮುಂದೆ ಕುಕ್ಕುರುಗಾಲಲ್ಲಿ ಒಬ್ಬಳು ವಿದೇಶಿ ಹುಡುಗಿ. ಈಜುಡುಗೆಯ ಮೇಲೆ ಲುಂಗಿ ಸುತ್ತಿ ಒಂದು ತೆಳು ಅಂಗಿ ಹಾಕಿಕೊಂಡಿದ್ದಳು. ಅಜ್ಜಿ ಒಂದು ಸೌತೆಕಾಯಿ ಮುರಿದು ರುಚಿ ನೋಡು ಅಂತ ಕೊಟ್ಟರು. ಅವಳು ಕಚ್ಚಿ ತಿಂದು ತಲೆಯಾಡಿಸಿದಳು, ಇನ್ನೆರಡು ತಗೊಂಡಳು. ಅಜ್ಜಿಯ ಬೆನ್ನನ್ನು ಯಾರೂ ನೋಡಲಿಲ್ಲ, ಹುಡುಗಿಯ ಕಾಲನ್ನೂ ಯಾರೂ ನೋಡಲಿಲ್ಲ. ನಾಲ್ಕು ಹೆಜ್ಜೆ ಆಚೆ ಗಂಡಸರು ಬರಿಮೈಯಲ್ಲಿ ಪಂಚೆ ಉಟ್ಟು ಮಹಾಬಲೇಶ್ವರನ ಗುಡಿಗೆ ಹೋಗುತ್ತಿದ್ದರು.

ಮೈ ಕಾಣುವುದು ನಮಗೆ ಹೊಸದಲ್ಲ ಅಂತ ಆವತ್ತು ನನಗೆ ಅನ್ನಿಸಿತು. ಕಣ್ಣಿಗೆ ರೂಢಿಯಾದದ್ದನ್ನು ಯಾರೂ ದಿಟ್ಟಿಸುವುದಿಲ್ಲ. ಹಾಗಾಗಿ ಜಾಗ ಹುಡುಕುವಾಗ ಮರಳು ಬೆಳ್ಳಗಿದೆಯಾ, ನೀರು ನೀಲಿಯಾ ಅಂತ ನೋಡಬೇಡಿ. ಅಲ್ಲಿಗೆ ಜನ ಯಾಕೆ ಬರುತ್ತಾರೆ ಅಂತ ನೋಡಿ. ಈಜಲು, ಬಿಸಿಲು ಕಾಯಲು, ಪುಸ್ತಕ ಹಿಡಿದು ಬಿದ್ದುಕೊಳ್ಳಲು ಬರುವವರು ಜಾಸ್ತಿ ಇರುವ ತೀರದಲ್ಲಿ ನಿಮ್ಮನ್ನು ಯಾರೂ ಗಮನಿಸುವುದಿಲ್ಲ. ಸುಮ್ನೆ ಒಂದು ರೌಂಡ್ ಹಾಕಿ, ಫೋಟೊ ತೆಗೆದು, ಚುರುಮುರಿ ತಿಂದು ಹೋಗುವವರ ತೀರದಲ್ಲಿ ಈಜುಡುಗೆ ಹಾಕಿಕೊಂಡ ಒಬ್ಬಳೇ ಹೆಂಗಸು ನೀವಾಗಿರುತ್ತೀರಿ. ನಿಮಗೆ ಆವತ್ತು ಆದದ್ದು ಅದೇ.

ಗೋಕರ್ಣದಲ್ಲೇ ಎರಡೂ ಬಗೆಯ ತೀರ ಇವೆ. ಊರ ಮುಂದಿನ ದೊಡ್ಡ ತೀರ ಯಾತ್ರಿಕರದು. ಅಲ್ಲಿ ಜನ ಹಿರಿಯರ ಕಾರ್ಯ ಮುಗಿಸಿ ಮೀಯುತ್ತಾರೆ, ಅಲ್ಲಿ ಬೇಡ. ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಅದರಾಚೆ ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್. ಹಲವು ದಶಕಗಳಿಂದ ವಿದೇಶಿಯರು ಬಂದು ತಿಂಗಳುಗಟ್ಟಲೆ ಇರುತ್ತಿದ್ದ ತೀರಗಳಿವು, ಈಜುಡುಗೆ ಇಲ್ಲಿ ಮಾಮೂಲು. ಆದರೆ ಶುಕ್ರವಾರ ರಾತ್ರಿ ಬೆಂಗಳೂರಿನ ಬಸ್ಸುಗಳು ಹೊರಟರೆ ಶನಿವಾರದ ಓಂ ಬೀಚ್ ಬೇರೆಯೇ ಊರಾಗಿರುತ್ತದೆ. ಹೋಗುವುದಾದರೆ ಮಂಗಳವಾರ, ಬುಧವಾರ ಹೋಗಿ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ಶಿವರಾತ್ರಿ ಹತ್ತಿರ ಬೇಡವೇ ಬೇಡ. ಓಂ ಬೀಚಿನಲ್ಲಿ ಬಂಡೆ ಜಾಸ್ತಿ. ಈಜಲು ನನಗೆ ಕುಡ್ಲೆಯೇ ಇಷ್ಟ, ಅಲ್ಲೂ ಜೀವರಕ್ಷಕರನ್ನು ಕೇಳಿಯೇ ಇಳಿಯಿರಿ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಹೇಗೆ ಅಂತಲೂ ಕೇಳಿದ್ದೀರಿ. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಬಟ್ಟೆ ಬದಲಿಸುವ ಕೋಣೆ, ಶವರ್ ಎಲ್ಲ ಮಾಡಿದ್ದಾರೆ. ಆದರೆ ಬರುವವರು ಮಕ್ಕಳು ಮರಿ ಕಟ್ಟಿಕೊಂಡ ಸಂಸಾರದವರು. ಮೊಣಕಾಲವರೆಗಿನ ಈಜುಡುಗೆ ಅಲ್ಲಿ ಆರಾಮ. ಎರಡು ತುಂಡಿನದು ನಿಮಗೆ ಮತ್ತೆ ಮುಜುಗರವೇ ಆದೀತು.

ನನ್ನನ್ನು ಒಂದೇ ಹೆಸರು ಹೇಳಿ ಅಂದರೆ ಪಾಳೊಳೆ ಅನ್ನುತ್ತೇನೆ. ಪಾಲೋಲೆಮ್ ಅಂತ ಬೋರ್ಡಿನಲ್ಲಿ ನೋಡಿರುತ್ತೀರಿ, ದಕ್ಷಿಣ ಗೋವಾದ ಕಾಣಕೋಣದಲ್ಲಿದೆ. ಹಾಸನಕ್ಕೆ ರಾತ್ರಿ ಬರುವ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕಾರವಾರದಲ್ಲಿ ಇಳಿಸುತ್ತದೆ. ಅಲ್ಲಿಂದ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಆಸುಪಾಸು. ಅರ್ಧಚಂದ್ರದ ಹಾಗೆ ಬಾಗಿದ ತೀರ, ಎರಡೂ ತುದಿಗೆ ಬಂಡೆ. ಹಾಗಾಗಿ ಅಲೆ ಸಣ್ಣದು. ಸೊಂಟದ ಆಳಕ್ಕೆ ಹೋಗಲು ತುಂಬ ದೂರ ನಡೆಯಬೇಕು. ಮೊದಲ ಸಲ ಸಮುದ್ರದಲ್ಲಿ ಈಜುವವರಿಗೆ ಇದಕ್ಕಿಂತ ಒಳ್ಳೆಯ ನೀರು ನಾನು ನೋಡಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಎಲ್ಲ ವಯಸ್ಸಿನ, ಎಲ್ಲ ಗಾತ್ರದ ಹೆಂಗಸರು ಈಜುಡುಗೆಯಲ್ಲಿ ಓಡಾಡುತ್ತಾರೆ. ಎಪ್ಪತ್ತರ ಅಜ್ಜಿಯರೂ ಇರುತ್ತಾರೆ, ಹೊಟ್ಟೆ ಮೇಲೆ ಹೆರಿಗೆಯ ಗೆರೆ ಇರುವವರೂ ಇರುತ್ತಾರೆ. ನಿಮ್ಮ ಪತ್ರದ ಕೊನೆಯಲ್ಲಿ ನಿಮ್ಮ ಸಿಸೇರಿಯನ್ ಗುರುತಿನ ಬಗ್ಗೆ ಒಂದು ಸಾಲು ಬರೆದಿದ್ದೀರಲ್ಲ, ಅದಕ್ಕೇ ಇದನ್ನು ಹೇಳಿದೆ.

ಅಲ್ಲಿ ಗಲಾಟೆ ಅನ್ನಿಸಿದರೆ ಪಕ್ಕದಲ್ಲೇ ಪಾಟ್ನೆಮ್ ಇದೆ, ಇನ್ನೂ ಚಿಕ್ಕದು, ಇನ್ನೂ ನಿಶ್ಶಬ್ದ. ಉತ್ತರಕ್ಕೆ ಹತ್ತು ಕಿಲೋಮೀಟರಿನಲ್ಲಿ ಅಗೊಂದ. ಉದ್ದದ ಖಾಲಿ ತೀರ, ಕಡಲಾಮೆ ಮೊಟ್ಟೆ ಇಡುವ ಜಾಗ. ಆದರೆ ಅಲ್ಲಿ ಅಲೆ ಜೋರು, ಆಳವೂ ಬೇಗ ಬರುತ್ತದೆ. ನೋಡಲು ಹೋಗಿ, ಮೊದಲ ಈಜಿಗೆ ಬೇಡ. ಉತ್ತರ ಗೋವಾದ ಬಾಗಾ, ಕಲಂಗುಟ್ ಬಿಟ್ಟುಬಿಡಿ. ಗುಂಪು ಕಟ್ಟಿಕೊಂಡು ಕುಡಿಯಲು ಬರುವ ಗಂಡಸರು ಅಲ್ಲಿ ಜಾಸ್ತಿ. ಹೊಸ ವರ್ಷದ ವಾರ ಗೋವಾಕ್ಕೇ ಹೋಗಬೇಡಿ.

ಫೋಟೊ ಭಯದ ಬಗ್ಗೆ: ಬಿಸಿಲು ಕಾಯುವವರ, ಈಜುವವರ ಫೋಟೊವನ್ನು ಕೇಳದೆ ತೆಗೆಯಬೇಡಿ ಅಂತ ಗೋವಾ ಪ್ರವಾಸೋದ್ಯಮ ಇಲಾಖೆಯೇ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ಯಾರಾದರೂ ಮೊಬೈಲ್ ಎತ್ತಿದರೆ ನೀವು ಓಡಬೇಡಿ. ಜೀವರಕ್ಷಕರಿಗೋ ಶ್ಯಾಕಿನವರಿಗೋ (ಮರಳ ಮೇಲೆ ಹಾಕಿದ ಚಪ್ಪರದ ಹೋಟೆಲಿನವರಿಗೋ) ಜೋರಾಗಿ ಹೇಳಿ. ತೀರ ನಂಬಿ ಬದುಕುವ ಅಂಗಡಿಯವರಿಗೆ ಇಂಥವರನ್ನು ಕಂಡರೆ ಆಗುವುದಿಲ್ಲ, ನಿಮ್ಮ ಪರ ಬರುತ್ತಾರೆ. ಅದಕ್ಕೂ ಬಗ್ಗದಿದ್ದರೆ 112. ಈಜುಡುಗೆ ಹಾಕುವುದೇ ತಪ್ಪು ಅನ್ನುವ ಕಾನೂನು ನಮ್ಮಲ್ಲಿಲ್ಲ. ಹೆಂಗಸಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂನಲ್ಲಿ ಶಿಕ್ಷೆ ಇದೆ.

ಮಗಳು ಮಾಲ್ಡೀವ್ಸ್‌ಗೆ ಕರೆದುಕೊಂಡು ಹೋಗ್ತೀನಿ ಅಂದಿದ್ದಾಳೆ, ಆದರೆ ಅದು ಮುಸ್ಲಿಂ ದೇಶ ಅಲ್ವಾ ಅಂತ ಕೇಳಿದ್ದೀರಿ. ಹೌದು, ಅದಕ್ಕೇ ಅಲ್ಲಿ ವ್ಯವಸ್ಥೆ ಬಹಳ ಸ್ಪಷ್ಟವಾಗಿದೆ. ರೆಸಾರ್ಟ್ ದ್ವೀಪಗಳಲ್ಲಿ ಈಜುಡುಗೆಗೆ ಯಾವ ಅಡ್ಡಿಯೂ ಇಲ್ಲ. ಖರ್ಚು ಕಡಿಮೆ ಇರಲಿ ಅಂತ ಮಾಫುಶಿಯಂಥ ಜನವಸತಿ ದ್ವೀಪದಲ್ಲಿ ಉಳಿದರೆ, ತೀರದ ಒಂದು ಭಾಗವನ್ನು ಪ್ರವಾಸಿಗರಿಗೆಂದೇ ಬಿಟ್ಟಿರುತ್ತಾರೆ. ಹೆಸರೇ 'ಬಿಕಿನಿ ಬೀಚ್'. ಅದರೊಳಗೆ ನಿಮ್ಮಿಷ್ಟ. ಹೊರಗೆ ಕಾಲಿಟ್ಟರೆ ಭುಜ, ತೊಡೆ ಮುಚ್ಚಬೇಕು. ನನಗೆ ಈ ಪದ್ಧತಿ ಒಪ್ಪಿಗೆ. ಎಲ್ಲಿ ಏನು ನಡೆಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಊರಿನವರಿಗೂ ನಿರಾಳ, ಬಂದವರಿಗೂ ನಿರಾಳ.

ಪಾಳೊಳೆಯಲ್ಲೂ ಹಾಗೇ ಮಾಡಿ. ಮರಳು ದಾಟಿ ರಸ್ತೆಗೆ ಬರುವಾಗ ಲುಂಗಿ ಸುತ್ತಿಕೊಳ್ಳಿ. ಹತ್ತಿರದಲ್ಲಿ ಬಲೆ ಬಿಡಿಸುತ್ತಾ ಕೂತ ಮೀನುಗಾರರ ಮನೆಯಂಗಳ ಅದು. ಭಾರತದ ಯಾವ ತೀರದಲ್ಲೂ ಪೂರ್ತಿ ಬೆತ್ತಲೆಗೆ ಅವಕಾಶ ಇಲ್ಲ, ಮೇಲುಡುಗೆ ಬಿಚ್ಚಿ ಮಲಗುವುದೂ ಬೇಡ. ನಿಮಗೆ ಅದು ಬೇಕಾಗಿಯೂ ಇಲ್ಲ, ಗೊತ್ತು. ಇದು ಬೇರೆ ಓದುಗರಿಗೆ.

ಆಸ್ಟ್ರೇಲಿಯಾದಲ್ಲಿರುವವರಿಗೆ ಇದೆಲ್ಲ ತಲೆನೋವೇ ಇಲ್ಲ ಅಂತ ಬೇಸರದಿಂದ ಬರೆದಿದ್ದೀರಿ. ಸಿಡ್ನಿಯ ಬಾಂಡೈ ತೀರದಲ್ಲಿ ಒಂದು ಕಾಲಕ್ಕೆ ಇನ್‌ಸ್ಪೆಕ್ಟರುಗಳು ಹೆಂಗಸರ ಈಜುಡುಗೆಯನ್ನು ಅಳತೆ ಮಾಡಿ, ಚಿಕ್ಕದಾಯಿತು ಅಂತ ತೀರದಿಂದ ಹೊರಗೆ ಕಳಿಸುತ್ತಿದ್ದರು. ಆ ನಿಯಮ ಹೋದದ್ದು 1961ರಲ್ಲಿ. ಹೊರಗೆ ಕಳಿಸಿದರೂ ಮತ್ತೆ ಮತ್ತೆ ಬಂದ ಹೆಂಗಸರಿಂದ ಅದು ಹೋಯಿತು.

ಇನ್ನು ಸಣ್ಣಪುಟ್ಟ ಸಂಗತಿ. ದಾರ ಕಟ್ಟುವ ಈಜುಡುಗೆಯಾದರೆ ಗಂಟನ್ನು ಎರಡು ಸಲ ಹಾಕಿ. ಕೊಳದ ನೀರು ಬೇರೆ, ಅಲೆ ಬೇರೆ, ಒಂದೇ ಏಟಿಗೆ ಗಂಟು ಸಡಿಲವಾಗುತ್ತದೆ. ಸನ್‌ಸ್ಕ್ರೀನನ್ನು ಬೆನ್ನಿಗೆ ಅಕ್ಕನಿಂದ ಹಚ್ಚಿಸಿಕೊಳ್ಳಿ, ಎರಡು ಗಂಟೆಗೊಮ್ಮೆ ಮತ್ತೆ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಮಳೆಗಾಲದಲ್ಲಿ ಈ ಕಡಲಿನ ಹತ್ತಿರವೂ ಹೋಗಬೇಡಿ. ಮೊದಲ ದಿನ ದಡಕ್ಕೆ ಸಮಾನವಾಗಿ ಈಜಿ, ಒಳಗೆ ಹೋಗಬೇಡಿ.

ಕೊನೆಯದು ನಿಮ್ಮ ಅಕ್ಕನ ವಿಷಯ. ಅವರು ಸೀರೆಯಲ್ಲೇ ಬರುತ್ತಾರೆ, ಯಾರಾದರೂ ನಕ್ಕರೆ ಅಂತ ಹೆದರಿದ್ದೀರಿ. ಪಾಳೊಳೆಯಲ್ಲಿ ನಿಮ್ಮ ಬಿಕಿನಿಯನ್ನು ನೋಡದವರು ಅವರ ಸೀರೆಯನ್ನೂ ನೋಡುವುದಿಲ್ಲ. ಶ್ಯಾಕಿನ ನೆರಳಲ್ಲಿ ಕುರ್ಚಿ ಹಾಕಿಸಿ ಕೊಡಿ, ಚಹಾ ಕುಡಿಯುತ್ತಾ ಕೂರಲಿ. ಆದರೆ ನಿಮ್ಮನ್ನು ನೋಡಿ ಅವರಿಗೂ ನೀರಿಗಿಳಿಯುವ ಆಸೆ ಆದರೆ, ಸೀರೆಯಲ್ಲಿ ಮಾತ್ರ ಇಳಿಸಬೇಡಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದದ ನೀರಲ್ಲೂ ಏಳಲು ಆಗುವುದಿಲ್ಲ. ಹೊರಡುವ ಮೊದಲೇ ಅವರ ಅಳತೆಯದೊಂದು ನೈಲಾನ್ ಲೆಗ್ಗಿಂಗ್ಸ್, ತುಂಬುತೋಳಿನ ಈಜಂಗಿ ತಗೊಂಡು ನಿಮ್ಮ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿರಿ. ಮೊದಲೇ ಹೇಳಿದರೆ ಬೇಡ ಅಂದುಬಿಡುತ್ತಾರೆ.

– ಸಂಪಾದಕಿ