ಸಿಕ್ಕಿಬಿದ್ದವಳು ಅಪರಾಧಿಯೇ?

ಪ್ರಶ್ನೆ: ನಮ್ಮ ಊರಿನ ವಸತಿಗೃಹವೊಂದರ ಮೇಲೆ ಪೊಲೀಸ್ ದಾಳಿ ನಡೆದ ಮರುದಿನ ಅಲ್ಲಿ ಸಿಕ್ಕ ಮಹಿಳೆಯರ ಚಿತ್ರಗಳು ಎಲ್ಲರ ಮೊಬೈಲುಗಳಲ್ಲಿ ಹರಿದಾಡಿದವು. ವೇಶ್ಯಾವಾಟಿಕೆ ನಮ್ಮ ದೇಶದಲ್ಲಿ ಅಪರಾಧವೇ? ಇದಕ್ಕೆ ಅನುಮತಿ ಕೊಟ್ಟಿರುವ ದೇಶಗಳಲ್ಲಿ ಸಮಸ್ಯೆ ಬಗೆಹರಿದಿದೆಯೇ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ವಯಸ್ಕ ಮಹಿಳೆಯೊಬ್ಬಳು ತನ್ನ ಇಚ್ಛೆಯಿಂದ ಈ ವೃತ್ತಿ ನಡೆಸುವುದನ್ನೇ ಅಪರಾಧವೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. 1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಮುಖ್ಯವಾಗಿ ಶಿಕ್ಷಿಸುವುದು ಆಕೆಯ ಸುತ್ತ ನಡೆಯುವ ವ್ಯಾಪಾರವನ್ನು: ವೇಶ್ಯಾಗೃಹ ನಡೆಸುವುದು, ಗೊತ್ತಿದ್ದೂ ಅದಕ್ಕೆ ಜಾಗ ಕೊಡುವುದು, ಹೆಣ್ಣುಮಕ್ಕಳನ್ನು ಕರೆತಂದು ದಂಧೆಗೆ ದೂಡುವುದು. ಆದರೆ ಅದೇ ಕಾಯ್ದೆಯ 7 ಮತ್ತು 8ನೇ ಕಲಂಗಳು ಆಕೆಯನ್ನೂ ಬಿಡುವುದಿಲ್ಲ. ಸಾರ್ವಜನಿಕವಾಗಿ ಗಿರಾಕಿಯನ್ನು ಕರೆದರೆ, ಇಲ್ಲವೇ ಗುಡಿ, ಶಾಲೆ, ಆಸ್ಪತ್ರೆಗಳ 200 ಮೀಟರ್ ಒಳಗೆ ವೃತ್ತಿ ನಡೆಸಿದರೆ ಆಕೆ ಆರೋಪಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಗುಡಿ, ಶಾಲೆ, ಬಸ್ ನಿಲ್ದಾಣಗಳು ಒಂದರ ಪಕ್ಕ ಒಂದಿರುವುದರಿಂದ ಆ ಮಿತಿಯ ಆಚೆ ಜಾಗ ಸಿಗುವುದೇ ಕಷ್ಟ. ಹಾಗಾಗಿ ದಲ್ಲಾಳಿಗೆಂದು ಬೀಸಿದ ಬಲೆಯಲ್ಲಿ ಬಡ ಹೆಂಗಸೇ ಮೊದಲು ಸಿಕ್ಕಿಕೊಳ್ಳುತ್ತಾಳೆ. ಇನ್ನು 4ನೇ ಕಲಂ ಪ್ರಕಾರ ಆಕೆಯ ಗಳಿಕೆಯಲ್ಲಿ ಬದುಕುವ, ಹದಿನೆಂಟು ದಾಟಿದ ಯಾರೇ ಆದರೂ ತಪ್ಪಿತಸ್ಥರಾಗಬಹುದು. ಅವಳ ಅನ್ನ ಉಣ್ಣುವ ಮುದಿ ತಾಯಿಯನ್ನೂ ದಲ್ಲಾಳಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ಕಲಂ ನನಗೆ ನ್ಯಾಯವೆಂದು ತೋರುವುದಿಲ್ಲ.

ಇನ್ನು ಆ ಚಿತ್ರಗಳ ವಿಷಯ. ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ನೀಡಿದ ಆದೇಶವು, ವೃತ್ತಿ ಯಾವುದೇ ಇರಲಿ, ಸಂವಿಧಾನದ 21ನೇ ವಿಧಿಯಂತೆ ಘನತೆಯಿಂದ ಬದುಕುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸ್ಪಷ್ಟಪಡಿಸಿದೆ. ಪೊಲೀಸರು ಈ ಮಹಿಳೆಯರನ್ನು ಬೈಯಬಾರದು, ಹೊಡೆಯಬಾರದು. ಬಂಧನ, ದಾಳಿ, ರಕ್ಷಣೆ ಯಾವುದೇ ಸಂದರ್ಭವಿರಲಿ, ಮಾಧ್ಯಮಗಳು ಅವರ ಗುರುತು ಬಯಲಾಗದಂತೆ ನೋಡಿಕೊಳ್ಳಬೇಕು. ಇಚ್ಛೆಗೆ ವಿರುದ್ಧವಾಗಿ ರಕ್ಷಣಾಗೃಹಗಳಲ್ಲಿ ಇರಿಸಲಾದ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಮರುಪರಿಶೀಲಿಸಬೇಕು ಎಂಬುದೂ ಅದರಲ್ಲಿದೆ. ನಿಮ್ಮ ಮೊಬೈಲಿಗೂ ಆ ಚಿತ್ರ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ; ಮುಂದಕ್ಕೆ ಕಳಿಸಬೇಡಿ.

ಹೊರದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಸ್ವೀಡನ್ 1999ರಿಂದ, ಫ್ರಾನ್ಸ್ 2016ರಿಂದ ಕೊಳ್ಳುವ ಗಂಡಸನ್ನು ಶಿಕ್ಷಿಸುತ್ತವೆ, ಹೆಣ್ಣನ್ನಲ್ಲ. ಜರ್ಮನಿ 2002ರಲ್ಲಿ ಇದಕ್ಕೆ ಉದ್ಯೋಗದ ಕಾನೂನು ಮಾನ್ಯತೆ ಕೊಟ್ಟಿತು. ನ್ಯೂಜಿಲೆಂಡ್ 2003ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದರೂ, ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಈ ವೃತ್ತಿಯನ್ನು ನಿಷೇಧಿಸಿತು. ಅಂದರೆ ಶೋಷಣೆಗೆ ಸುಲಭವಾಗಿ ಸಿಗುವ ವಲಸಿಗ ಹೆಣ್ಣೇ ಆ ಕಾನೂನಿನ ನೆರಳಿನಿಂದ ಹೊರಗುಳಿದಳು. ಕಾನೂನು ಯಾವುದೇ ಇರಲಿ, ಬಡತನ, ಸಾಲ, ವಲಸೆಗಳು ಇರುವವರೆಗೆ ಹೆಣ್ಣುಮಕ್ಕಳನ್ನು ಸಾಗಿಸುವವರೂ ಇರುತ್ತಾರೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ನಮ್ಮ ಕುಟುಂಬಗಳ ಹುಡುಗಿಯರಿಗೆ ನಗರದಲ್ಲಿ ಮನೆಗೆಲಸ ಕೊಡಿಸುವುದಾಗಿ ಹೇಳಿಕೊಂಡು ಬರುವ ಅಪರಿಚಿತರ ಬಗ್ಗೆ ಆದ್ದರಿಂದಲೇ ಎಚ್ಚರ ಬೇಕು. ಹದಿನೆಂಟು ತುಂಬದವಳ ವಿಷಯದಲ್ಲಿ ಒಪ್ಪಿಗೆಯೆಂಬ ಮಾತೇ ಬರುವುದಿಲ್ಲ. ಅಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಚಿಕ್ಕ ವಯಸ್ಸಿನಲ್ಲೇ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಈಗ ನನ್ನ ತಂಗಿಗೂ ಕಟ್ಟಬೇಕೆಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ದೇವರ ಹೆಸರಿನಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳನ್ನೇ ವೇಶ್ಯಾವೃತ್ತಿಯ ಬಾಗಿಲಿಗೆ ತಂದು ನಿಲ್ಲಿಸಿದ ಪದ್ಧತಿಯಿದು. ನಮ್ಮ ರಾಜ್ಯದ ಕಾನೂನಿನಂತೆ ಮುತ್ತು ಕಟ್ಟುವುದೂ ಅದಕ್ಕೆ ನೆರವಾಗುವುದೂ ಅಪರಾಧ. ತಂದೆ, ತಾಯಿ ಅಥವಾ ಬಂಧುಗಳೇ ಮಾಡಿದರೂ ಅದು ಅಪರಾಧವೇ. ಬಂಧುಗಳಿಗೆ ಇದನ್ನು ನೇರವಾಗಿ ಹೇಳಿರಿ. ಕೇಳದಿದ್ದರೆ, ತಂಗಿಗೆ ಹದಿನೆಂಟು ತುಂಬಿಲ್ಲವಾದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ, ತುಂಬಿದ್ದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ತಾಯಿಯೊಂದಿಗೆ ಹೋಗಿ ಅರ್ಜಿ ಕೊಡಬಹುದು.