ಕೂಡಿದ ಮೂಳೆ ಎಷ್ಟು ಹೇಳುತ್ತದೆ?

ಪ್ರಶ್ನೆ: ನಾಗರಿಕತೆಯ ಮೊದಲ ಗುರುತು ಮಡಕೆಯಲ್ಲ, ಮುರಿದು ಕೂಡಿಕೊಂಡ ತೊಡೆಮೂಳೆ ಎಂದು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಹೇಳಿದ್ದರಂತೆ. ವಾಟ್ಸ್‌ಆ್ಯಪ್‌ನಲ್ಲಿ ಈ ಸಂದೇಶ ಮತ್ತೆ ಮತ್ತೆ ಬರುತ್ತದೆ. ನಿಜವೇ?

ಉತ್ತರ: ಮೀಡ್ ಅವರ ಬರಹಗಳನ್ನು ಜಾಲಾಡಿದವರಿಗೆ ಈ ಮಾತು ಸಿಕ್ಕಿಲ್ಲ. ಅದು ಬೇರೆಯವರು ನೆನಪಿನಿಂದ ಹೇಳಿ ಹಬ್ಬಿದ್ದು. ಅದಿರಲಿ, ಅದರೊಳಗಿನ ವಾದವೇ ಗಟ್ಟಿಯಿಲ್ಲ. ಕಾಡಿನಲ್ಲಿ ಕಾಲು ಮುರಿದ ಪ್ರಾಣಿ ಸತ್ತೇಹೋಗುತ್ತದೆ, ಹಾಗಾಗಿ ಮೂಳೆ ಕೂಡಿದೆಯೆಂದರೆ ಯಾರೋ ಆರೈಕೆ ಮಾಡಿದ್ದರು ಎನ್ನುವುದು ಆ ವಾದ. ಅದರ ಮೊದಲ ಮಾತೇ ತಪ್ಪು. ಮಾನವಶಾಸ್ತ್ರಜ್ಞ ಅಡಾಲ್ಫ್ ಶುಲ್ಟ್ಸ್ ಕಳೆದ ಶತಮಾನದಲ್ಲಿ ಕಾಡು ಗಿಬ್ಬನ್‌ಗಳ (ಮರದಿಂದ ಮರಕ್ಕೆ ಜೋತಾಡುವ ಬಾಲವಿಲ್ಲದ ವಾನರಗಳು) ಅಸ್ಥಿಪಂಜರಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದಕ್ಕೆ ಎಂದೋ ಮುರಿದು ಕೂಡಿದ ಮೂಳೆಯಿತ್ತು. ಅವಕ್ಕೆ ಯಾರೂ ಕಟ್ಟು ಹಾಕಿರಲಿಲ್ಲ.

ಕೂಡಿದ ಮೂಳೆಯಿಂದ ಖಚಿತವಾಗುವುದು ಒಂದೇ: ಪೆಟ್ಟು ಬಿದ್ದ ಮೇಲೆ ಆ ಜೀವ ಇಷ್ಟು ಕಾಲ ಬದುಕಿತ್ತು. ವಯಸ್ಕರ ತೊಡೆಮೂಳೆಗೆ ಮೂರ್ನಾಲ್ಕು ತಿಂಗಳು ಬೇಕು. ಆ ತಿಂಗಳುಗಳಲ್ಲಿ ಅನ್ನ ನೀರು ಯಾರು ಕೊಟ್ಟರು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಕೂಡಿದ ರೀತಿಯಲ್ಲಿ ಸ್ವಲ್ಪ ಸುಳಿವಿರುತ್ತದೆ. ತೊಡೆಯ ಸ್ನಾಯುಗಳು ಬಲವಾಗಿ ಎಳೆಯುವುದರಿಂದ, ಹಾಗೇ ಬಿಟ್ಟರೆ ಮುರಿದ ತುದಿಗಳು ಒಂದರ ಮೇಲೊಂದು ಏರಿ ಕಾಲು ಗಿಡ್ಡವಾಗುತ್ತದೆ. ಉದ್ದ ಕಳೆದುಕೊಳ್ಳದೆ ನೇರವಾಗಿ ಕೂಡಿದ್ದರೆ ಯಾರೋ ಎಳೆದು ಕೂರಿಸಿರಬಹುದು; ಪುತ್ತೂರು ಕಟ್ಟು ಹಾಕಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಬರೀ ಬಿರುಕು ಬಿಟ್ಟ ಮೂಳೆ ಯಾರ ಕೈಯೂ ತಗುಲದೆ ನೇರವಾಗಿಯೇ ಕೂಡುತ್ತದೆ. ಹಾಗಾಗಿ ಎಕ್ಸ್-ರೇಯಲ್ಲಿ ತುದಿಗಳು ಮೊದಲು ಜರುಗಿದ್ದವೇ ಎಂದು ನೋಡದೆ ‘ಚಿಕಿತ್ಸೆ ನಡೆದಿತ್ತು’ ಎಂದು ಬರೆಯಬಾರದು.

ಪ್ರಶ್ನೆ: ಸಾವಿರಾರು ವರ್ಷ ಹಳೆಯ ಮೂಳೆಯಲ್ಲಿ ಬಿದ್ದು ಆದ ಗಾಯ ಯಾವುದು, ಹೊಡೆದಾಟದ ಗಾಯ ಯಾವುದು ಎಂದು ಹೇಗೆ ಗೊತ್ತುಮಾಡುತ್ತಾರೆ?

ಉತ್ತರ: ಮೊದಲು ಕಾಲ ತಿಳಿಯಬೇಕು, ಕಾರಣ ಆಮೇಲೆ. ಅಂಚು ದುಂಡಗಾಗಿ ಹೊಸ ಮೂಳೆ ಬೆಳೆದಿದ್ದರೆ ಗಾಯ ಸಾವಿಗಿಂತ ಮುಂಚಿನದು. ಅಂಚು ನುಣುಪಾಗಿ ಓರೆಯಾಗಿ ಸೀಳಿದ್ದು, ಬಣ್ಣ ಉಳಿದ ಮೂಳೆಯಂತೆಯೇ ಇದ್ದರೆ ಮೂಳೆ ಹಸಿಯಿದ್ದಾಗ ಮುರಿದದ್ದು. ಒರಟಾಗಿ, ಲಂಬವಾಗಿ ತುಂಡಾಗಿ, ಒಳಗೆ ತಿಳಿಬಣ್ಣ ಕಂಡರೆ ಒಣಗಿದ ಮೇಲೆ ಮುರಿದದ್ದು, ಎಷ್ಟೋ ಸಲ ಅಗೆಯುವವರ ಗುದ್ದಲಿಯಿಂದಲೇ.

ಎಡವುವುದು ನಡುವಿನ ವರ್ಗದಲ್ಲಿ. ಮೂಳೆ ಕೂಡತೊಡಗಿದ ಗುರುತು ಕಣ್ಣಿಗೆ ಬೀಳಲು ಒಂದರಿಂದ ಮೂರು ವಾರ ಬೇಕು. ಪೆಟ್ಟು ತಿಂದು ಐದು ದಿನ ನರಳಿ ಸತ್ತವರ ಮೂಳೆಯೂ ಸ್ಥಳದಲ್ಲೇ ಸತ್ತವರ ಮೂಳೆಯೂ ಒಂದೇ ಥರ ಕಾಣುತ್ತವೆ. ಅತ್ತ, ಸತ್ತ ಎಷ್ಟೋ ವಾರಗಳವರೆಗೆ ಮೂಳೆಯಲ್ಲಿ ಹಸಿತನ ಉಳಿಯುತ್ತದೆ; ಆಗ ಮೇಲಿನ ಕಲ್ಲು ಕುಸಿದರೂ ‘ಹಸಿ’ ಮುರಿತವೇ ಆಗುತ್ತದೆ. ಇದನ್ನು ಕೊಲೆ ಎಂದು ಲೆಕ್ಕ ಹಾಕಿದ ವರದಿಯನ್ನು ಅನುಮಾನದಿಂದಲೇ ಓದಬೇಕು.

ಕಾರಣಕ್ಕೆ ಬಂದರೆ, ಮುಂಗೈಯಲ್ಲಿ ಎರಡು ಮೂಳೆ. ಬೀಳುವಾಗ ಅಂಗೈ ಊರಿದರೆ ಹೆಬ್ಬೆರಳ ಕಡೆಯ ರೇಡಿಯಸ್ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ದೊಣ್ಣೆಯ ಏಟಿಗೆ ಕೈ ಅಡ್ಡ ಹಿಡಿದರೆ ಕಿರುಬೆರಳ ಕಡೆಯ ಅಲ್ನಾ ಒಂದೇ ಮುರಿಯುತ್ತದೆ: ಮಧ್ಯದಿಂದ ಕೆಳಗೆ, ಅಡ್ಡಡ್ಡವಾಗಿ, ತುದಿಗಳು ಹೆಚ್ಚು ವಾಲದೆ. ಈ ಲಕ್ಷಣಗಳೆಲ್ಲ ಒಟ್ಟಿಗೆ ಇರಬೇಕೆಂದು 2008ರಲ್ಲಿ ಹಳೆಯ ಮೂಳೆಗಳ ತಜ್ಞೆ ಮಾರ್ಗರೆಟ್ ಜಡ್ ಕಟ್ಟುನಿಟ್ಟು ಮಾಡಿದ ಮೇಲೆ, ಏಟು ತಡೆಯುವಾಗ ಆದದ್ದೆಂದು ಹಳೆಯ ಪಟ್ಟಿಗಳಲ್ಲಿದ್ದ ಎಷ್ಟೋ ಮುರಿತಗಳು ಸಂದೇಹಕ್ಕೆ ಬಿದ್ದವು. ತಲೆಬುರುಡೆಯ ಹಣೆಯ ಎಡಭಾಗದ ತಗ್ಗು ಎದುರಿನಿಂದ ಬಲಗೈಯಲ್ಲಿ ಬೀಸಿದ ಏಟನ್ನು ಸೂಚಿಸುತ್ತದೆ. ಒಂದು ಬುರುಡೆಯಿಂದ ಏನನ್ನೂ ಸಾಧಿಸಲಾಗದು. ಹತ್ತಾರು ಬುರುಡೆಗಳಲ್ಲಿ ಎಡಭಾಗವೇ ಹೆಚ್ಚಾದರೆ ಮಾತಿಗೆ ತೂಕ.

ಸೂಡಾನಿನ ಜೆಬೆಲ್ ಸಹಾಬಾ ಇದಕ್ಕೆ ಒಳ್ಳೆಯ ಉದಾಹರಣೆ. 1960ರ ದಶಕದಲ್ಲಿ ಅಗೆದ ಈ ಸ್ಮಶಾನ 13,000 ವರ್ಷಕ್ಕೂ ಹಳೆಯದು. ಒಂದೇ ಕದನದಲ್ಲಿ ಸತ್ತವರೆಂದು ಬಹುಕಾಲ ನಂಬಿದ್ದರು. 2021ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದಡಿ 106 ಹೊಸ ಗಾಯಗಳು ಸಿಕ್ಕವು. 61 ಜನರಲ್ಲಿ 41 ಮಂದಿಗೆ ಏನಾದರೊಂದು ಪೆಟ್ಟಿತ್ತು. ಮುಖ್ಯವಾದದ್ದು ಈ ಸಂಖ್ಯೆಯಲ್ಲ. ಹಲವರಲ್ಲಿ ಮಾಗಿದ ಗಾಯವೂ ಮಾಗದ ಗಾಯವೂ ಒಂದೇ ದೇಹದಲ್ಲಿದ್ದವು. ಅಂದರೆ ಒಂದು ಮಹಾಯುದ್ಧವಲ್ಲ. ವರ್ಷಗಟ್ಟಲೆ ಮರುಕಳಿಸಿದ ದಾಳಿಗಳು. ನಡುವೆ ಗಾಯಾಳುಗಳು ಚೇತರಿಸಿಕೊಳ್ಳುತ್ತಲೂ ಇದ್ದರು. ಹಾಗೆಂದು ಆ ಕಾಲದ ಮನುಷ್ಯರೆಲ್ಲ ಹೀಗೇ ಇದ್ದರೆಂದು ಒಂದು ಸ್ಮಶಾನ ನೋಡಿ ಹೇಳಲಾಗದು. ಹೊಟ್ಟೆಗೆ ನಾಟಿದ ಬಾಣ ಮೂಳೆ ಮುಟ್ಟದೆ ಹೋದರೆ ಲೆಕ್ಕಕ್ಕೇ ಸಿಗುವುದಿಲ್ಲ ಎಂಬ ಇನ್ನೊಂದು ತೊಡಕೂ ಇದೆ.

ಪ್ರಶ್ನೆ: ಹಾಗಾದರೆ ಆರೈಕೆ ನಡೆದಿತ್ತೆಂದು ಸಾಬೀತು ಮಾಡುವುದು ಸಾಧ್ಯವೇ ಇಲ್ಲವೇ?

ಉತ್ತರ: ಸಾಧ್ಯ, ಆದರೆ ಗಾಯದಿಂದಲ್ಲ, ಅಸಹಾಯಕತೆಯಿಂದ. ಆಸ್ಟ್ರೇಲಿಯಾದ ಪುರಾತತ್ವ ಸಂಶೋಧಕಿ ಲೋರ್ನಾ ಟಿಲ್ಲಿ ಇದಕ್ಕೆ ನಾಲ್ಕು ಹಂತಗಳ ಕ್ರಮ ರೂಪಿಸಿದ್ದಾರೆ: ರೋಗವೇನು, ಅದರಿಂದ ದಿನನಿತ್ಯದ ಯಾವ ಕೆಲಸ ಅಸಾಧ್ಯವಾಯಿತು, ಬದುಕಲು ಯಾವ ನೆರವು ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ, ಅದರಿಂದ ಆ ಸಮಾಜದ ಬಗ್ಗೆ ಏನು ಹೇಳಬಹುದು.

ವಿಯೆಟ್ನಾಂನ ಮಾನ್ ಬಾಕ್‌ನಲ್ಲಿ ಸುಮಾರು 4,000 ವರ್ಷಗಳ ಹಿಂದೆ ಹೂತ ಯುವಕನ ಮೇಲೆ ಈ ಕ್ರಮ ಪಳಗಿತು. ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದಿದ್ದವು, ಕೈಕಾಲಿನ ಮೂಳೆಗಳು ಬಳಕೆಯಿಲ್ಲದೆ ಸಣಕಲಾಗಿದ್ದವು. ಹದಿಹರೆಯದಲ್ಲೇ ಸೊಂಟದ ಕೆಳಗೆ ಸ್ವಾಧೀನ ತಪ್ಪಿ, ಮತ್ತೆ ಹತ್ತು ವರ್ಷದಷ್ಟು ಬದುಕಿದ್ದಾನೆ. ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗಿ ನಂಜೇರಿ ತಿಂಗಳುಗಳಲ್ಲೇ ಸಾಯಬೇಕಿತ್ತು. ಉಣಿಸುವುದು, ತೊಳೆಯುವುದು, ಹೊರಳಿಸುವುದು ಹಗಲಿರುಳು ನಡೆದಿರಲೇಬೇಕು. ಇಲ್ಲಿ ಗಿಬ್ಬನ್ ವಾದ ನಿಲ್ಲುವುದಿಲ್ಲ.

ತಪ್ಪು ನುಸುಳುವುದು ನಾಲ್ಕನೇ ಹಂತದಲ್ಲಿ. ನೋಡಿಕೊಂಡವಳು ತಾಯಿಯೇ, ಇಡೀ ಹಟ್ಟಿಯೇ, ಪ್ರೀತಿಯಿಂದಲೇ, ಕಟ್ಟುಪಾಡಿನಿಂದಲೇ ಎಂದು ಮೂಳೆಯಿಂದ ತಿಳಿಯದು. ಅವನನ್ನು ಅಲ್ಲಿನ ಉಳಿದವರಂತೆ ನೇರವಾಗಿ ಮಲಗಿಸದೆ ಮಡಿಸಿ ಹೂತಿದ್ದಾರೆ. ಇದರಲ್ಲಿ ವಿಶೇಷ ಗೌರವವನ್ನೋ ತಾತ್ಸಾರವನ್ನೋ ಓದುವ ಮೊದಲು, ವರ್ಷಗಳಿಂದ ಸೆಟೆದ ಕೀಲುಗಳು ನೇರವಾಗುತ್ತಿದ್ದವೇ ಎಂದು ಕೇಳಬೇಕು.