ಬೆಳ್ಳಿ ಫಿಲ್ಲಿಂಗ್‌ನ ಚೂರು ನುಂಗಿದ್ದೇನೆ, ಮಗುವಿಗೆ ಹಾಲುಣಿಸಬಹುದೇ?

ಪ್ರಶ್ನೆ: ನನಗೆ ನಾಲ್ಕು ತಿಂಗಳ ಮಗುವಿದೆ, ಎದೆಹಾಲನ್ನಷ್ಟೇ ಕೊಡುತ್ತಿದ್ದೇನೆ. ಮೂರು ದಿನಗಳ ಹಿಂದೆ ಊಟ ಮಾಡುವಾಗ, ಹನ್ನೆರಡು ವರ್ಷ ಹಳೆಯದಾದ, ದವಡೆ ಹಲ್ಲಿನ ಬೂದು ಬಣ್ಣದ ಫಿಲ್ಲಿಂಗ್ ಒಡೆಯಿತು. ಒಂದು ಚೂರು ಕೈಗೆ ಸಿಕ್ಕಿತು, ಇನ್ನೊಂದನ್ನು ನುಂಗಿರಬೇಕು. ಅದರಲ್ಲಿ ಪಾದರಸ ಇರುತ್ತದೆ ಎಂದು ತಿಳಿದಾಗಿನಿಂದ ಹಾಲನ್ನು ಹಿಂಡಿ ಚೆಲ್ಲುತ್ತಿದ್ದೇನೆ. ಹಾಲನ್ನು ಪರೀಕ್ಷೆ ಮಾಡಿಸಬೇಕೇ? ಬಾಯಲ್ಲಿ ಇಂಥವೇ ಇನ್ನೆರಡು ಫಿಲ್ಲಿಂಗ್‌ಗಳಿವೆ, ಅವನ್ನೂ ಈಗಲೇ ತೆಗೆಸಿಬಿಡಲೇ? ಹಲ್ಲಿನ ಚಿಕಿತ್ಸೆಗೆ ಕೊಡುವ ಇಂಜೆಕ್ಷನ್ ಮತ್ತು ಎಕ್ಸ್‌ರೇಯಿಂದ ಮಗುವಿಗೆ ತೊಂದರೆಯಾಗದೇ?
– ಹೆಸರು ಬೇಡ

ಉತ್ತರ: ಹಾಲು ಚೆಲ್ಲುವುದನ್ನು ಇಂದೇ ನಿಲ್ಲಿಸಿ, ಮಗುವಿಗೆ ಮೊದಲಿನಂತೆ ಹಾಲುಣಿಸಿ. ಹೀಗೆ ಧೈರ್ಯವಾಗಿ ಹೇಳಲು ಕಾರಣವಿದೆ. ಅದನ್ನು ತಿಳಿಯದಿದ್ದರೆ ನಿಮ್ಮ ಮನಸ್ಸಿನ ಅಳುಕು ಹೋಗಲಾರದು ಎಂಬುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಳ್ಳಿ ಫಿಲ್ಲಿಂಗ್ ಎಂದು ರೂಢಿಯಲ್ಲಿ ಕರೆಯುವ ಈ ಪದಾರ್ಥದ ಹೆಸರು ಅಮಾಲ್ಗಮ್. ಅದರ ತೂಕದ ಸುಮಾರು ಅರ್ಧದಷ್ಟು ಪಾದರಸವೇ ಆಗಿದ್ದು, ಉಳಿದದ್ದು ಬೆಳ್ಳಿ, ತವರ ಮತ್ತು ತಾಮ್ರ. ಆದರೆ ಅರ್ಧ ಪಾದರಸ ಎಂದ ಮಾತ್ರಕ್ಕೆ ಹಲ್ಲಿನ ಕುಳಿಯಲ್ಲಿ ದ್ರವ ಪಾದರಸ ತುಂಬಿಕೊಂಡಿದೆ ಎಂದು ಭಾವಿಸಬೇಕಿಲ್ಲ. ಬೆರೆಸಿದ ಕೆಲವು ಗಂಟೆಗಳಲ್ಲಿ ಅದು ಬೆಳ್ಳಿ ಮತ್ತು ತವರದೊಂದಿಗೆ ಸಂಯೋಗಗೊಂಡು ಗಟ್ಟಿ ಲೋಹವಾಗುತ್ತದೆ. ಪಾದರಸ ದೇಹಕ್ಕೆ ಎಷ್ಟು ಸೇರುತ್ತದೆ ಎಂಬುದು ಅದು ಯಾವ ದಾರಿಯಿಂದ ಒಳಹೋಯಿತು ಎಂಬುದನ್ನು ಅವಲಂಬಿಸಿದೆ. ಲೋಹರೂಪದ ಪಾದರಸವನ್ನು ನುಂಗಿದರೆ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಭಾಗ ಕರುಳಿನ ಮೂಲಕ ರಕ್ತಕ್ಕೆ ಸೇರುತ್ತದೆ. ಅದೇ ಪಾದರಸದ ಆವಿಯನ್ನು ಉಸಿರಿನೊಂದಿಗೆ ಎಳೆದುಕೊಂಡರೆ ಸುಮಾರು ಶೇ 80ರಷ್ಟನ್ನು ಶ್ವಾಸಕೋಶ ಹೀರಿಕೊಳ್ಳುತ್ತದೆ. ನೀವು ನುಂಗಿದ ಗಟ್ಟಿ ಚೂರು ಆವಿಯಲ್ಲ. ಅದು ಆಹಾರದ ಜೊತೆಯಲ್ಲೇ ಸಾಗಿ ಒಂದೆರಡು ದಿನಗಳಲ್ಲಿ ಮಲದೊಂದಿಗೆ ಹೊರಹೋಗುತ್ತದೆ, ಬಹುಶಃ ಈಗಾಗಲೇ ಹೋಗಿದೆ. ಒಂದು ವಿಷಯವನ್ನು ಮಾತ್ರ ಗಮನಿಸಿ: ಫಿಲ್ಲಿಂಗ್ ಒಡೆದ ಹೊತ್ತಿನಿಂದ ಬಿಡದೆ ಕೆಮ್ಮು ಬರುತ್ತಿದ್ದರೆ ಅಥವಾ ಉಸಿರಾಡುವಾಗ ಸಿಳ್ಳಿನಂಥ ಸದ್ದು ಕೇಳಿಸುತ್ತಿದ್ದರೆ, ಚೂರು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿದಿರಬಹುದು, ಆಗ ತಡಮಾಡದೆ ವೈದ್ಯರಿಗೆ ತೋರಿಸಿ ಎದೆಯ ಎಕ್ಸ್‌ರೇ ಮಾಡಿಸಬೇಕು.

ಬಾಯಲ್ಲಿರುವ ಅಮಾಲ್ಗಮ್‌ನಿಂದ ಅಗಿಯುವಾಗ, ಹಲ್ಲು ಕಡಿಯುವಾಗ ಅತ್ಯಲ್ಪ ಪ್ರಮಾಣದ ಆವಿ ಹೊರಡುತ್ತದೆ ಎಂಬುದು ನಿಜ, ಅದರಲ್ಲಿ ಕಿಂಚಿತ್ ಭಾಗ ಹಾಲಿಗೂ ಬರುತ್ತದೆ. ಆದರೆ ಹಾಲಿನಲ್ಲಿ ಕಾಣುವ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತ ಸಾಕಷ್ಟು ಕಡಿಮೆ. ಇನ್ನು, ಆವಿಯಾಗಿ ದೇಹ ಸೇರಿದ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು ಎರಡು ತಿಂಗಳು ಬೇಕಾಗುತ್ತದೆ. ಹೀಗಿರುವಾಗ ಎರಡು ಮೂರು ದಿನಗಳ ಹಾಲನ್ನು ಚೆಲ್ಲಿದರೆ ಏನನ್ನೂ ತಪ್ಪಿಸಿದಂತಾಗುವುದಿಲ್ಲ. ಮಗುವಿಗೆ ಸಿಗಬೇಕಾದ ಹಾಲು ಹಾಳಾಗುತ್ತದೆ, ಅಷ್ಟೆ. ಭಯದಿಂದ ಹಾಲು ಚೆಲ್ಲಿದ ನಿಮ್ಮನ್ನು ನಾನು ದೂರುವುದಿಲ್ಲ, ಪಾದರಸ ಎಂಬ ಹೆಸರೇ ಅಂಥದ್ದು. ಈ ದಿನಗಳಲ್ಲಿ ಹಾಲು ಕಡಿಮೆಯಾದಂತೆ ಅನ್ನಿಸಿದ್ದರೆ ಮಗುವನ್ನು ಎಂದಿಗಿಂತ ಹೆಚ್ಚು ಸಲ ಎದೆಗೆ ಹಾಕಿಕೊಳ್ಳಿ. ಮಗು ಚೀಪಿದಷ್ಟೂ ಹಾಲು ಮತ್ತೆ ಕೂಡಿಬರುತ್ತದೆ. ಹಾಲಿನ ಪರೀಕ್ಷೆಯ ಅಗತ್ಯವಿಲ್ಲ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದಿಲ್ಲ, ಆತಂಕ ಮಾತ್ರ ಹೆಚ್ಚುತ್ತದೆ. ದೇಹದಿಂದ ಪಾದರಸವನ್ನು ಹೊರಹಾಕುತ್ತದೆ ಎಂದು ಯಾರಾದರೂ ಔಷಧಿಯನ್ನೋ ಪುಡಿಯನ್ನೋ ಸೂಚಿಸಿದರೆ, ಹಾಲುಣಿಸುತ್ತಿರುವ ಈ ಹೊತ್ತಿನಲ್ಲಿ ಅದನ್ನು ಮುಟ್ಟಬೇಡಿ.

ಹಾಗಿದ್ದರೆ ಹಾಲುಣಿಸುವ ತಾಯಂದಿರಿಗೆ ಅಮಾಲ್ಗಮ್ ಬೇಡ ಎಂದು ಏಕೆ ಹೇಳುತ್ತಾರೆ ಎಂದು ನೀವು ಕೇಳಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2020ರ ಸೆಪ್ಟೆಂಬರ್‌ನಲ್ಲಿ ಗರ್ಭಿಣಿಯರು, ಹಾಲುಣಿಸುವವರು ಮತ್ತು ಚಿಕ್ಕ ಮಕ್ಕಳಿಗೆ ಸಾಧ್ಯವಾದಷ್ಟೂ ಬೇರೆ ಪದಾರ್ಥವನ್ನು ಬಳಸುವಂತೆ ಸಲಹೆ ನೀಡಿತು. ಐರೋಪ್ಯ ಒಕ್ಕೂಟದಲ್ಲಿ 2018ರ ಜುಲೈನಿಂದ ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಹಾಗೂ 15 ವರ್ಷದೊಳಗಿನವರಿಗೆ ಅದನ್ನು ಬಳಸುವಂತಿಲ್ಲ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಇವೆಲ್ಲ ಹೊಸದಾಗಿ ತುಂಬಿಸುವುದಕ್ಕೆ ಸಂಬಂಧಿಸಿದ ಮಾತುಗಳು. ಗಟ್ಟಿಯಾಗಿ ಕುಳಿತಿರುವ ಹಳೆಯ ಫಿಲ್ಲಿಂಗ್‌ಗಳನ್ನು ಕಾರಣವಿಲ್ಲದೆ ತೆಗೆಯಬಾರದು ಎಂದು ಅದೇ ಅಮೆರಿಕದ ಸಲಹೆ ಹೇಳುತ್ತದೆ, ಏಕೆಂದರೆ ಸುಮ್ಮನಿರುವ ಫಿಲ್ಲಿಂಗ್‌ನಿಂದ ಹೊರಡುವ ಆವಿಗಿಂತ ಅದನ್ನು ಕೊರೆದು ತೆಗೆಯುವಾಗ ಹೊರಡುವ ಆವಿಯೇ ಹೆಚ್ಚು. ಆದ್ದರಿಂದ ನಿಮ್ಮ ಉಳಿದೆರಡು ಫಿಲ್ಲಿಂಗ್‌ಗಳು ಬಿರುಕು ಬಿಟ್ಟಿಲ್ಲ, ಅವುಗಳ ಅಂಚಿನಲ್ಲಿ ಹುಳುಕಿಲ್ಲ ಎಂದಾದರೆ ಅವುಗಳ ಗೊಡವೆಗೆ ಹೋಗಬೇಡಿ.

ಒಡೆದ ಹಲ್ಲಿನ ಮಾತು ಬೇರೆ. ತೆರೆದ ಕುಳಿಯನ್ನು ಹಾಗೆಯೇ ಬಿಟ್ಟರೆ ಹುಳುಕು ಒಳಗಿನ ನರದವರೆಗೆ ಇಳಿದು ಕೀವು ಕಟ್ಟಬಹುದು. ಆಗ ನೋವು, ಜ್ವರ, ಮಾತ್ರೆ ಎಲ್ಲವೂ ಸೇರಿ ನಿಮಗೂ ಮಗುವಿಗೂ ತೊಂದರೆಯಾಗುತ್ತದೆ. ಈ ವಾರದೊಳಗೆ ದಂತವೈದ್ಯರನ್ನು ನೋಡಿ. ಮುಖದಲ್ಲಿ ಊತ, ಜ್ವರ ಅಥವಾ ನಿದ್ದೆಗೆಡಿಸುವ ನೋವು ಇದ್ದರೆ ಅದೇ ದಿನ ಹೋಗಿ. ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ ಅಗಿಯಿರಿ, ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ. ಹಾಲುಣಿಸುತ್ತಿರುವುದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಉಳಿದ ಅಮಾಲ್ಗಮ್ ತೆಗೆಯಬೇಕಾಗಿ ಬಂದರೆ ಹೇಗೆ ತೆಗೆಯುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯನ್ನು ಕಟ್ಟಿ, ನೀರು ಹಾಯಿಸುತ್ತ, ಬಲವಾದ ಸಕ್ಷನ್ ಇಟ್ಟುಕೊಂಡು, ಪುಡಿಯಾಗುವಂತೆ ಅರೆಯದೆ ದೊಡ್ಡ ತುಂಡುಗಳಾಗಿ ಕತ್ತರಿಸಿ ತೆಗೆದರೆ ನೀವು ಉಸಿರಾಡುವ ಆವಿ ಬಹಳ ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ನಿಮ್ಮ ಇಡೀ ಪತ್ರದಲ್ಲಿ ಎಚ್ಚರ ಬೇಕಾದ ಹಂತ ಇದೊಂದೇ. ಆ ಜಾಗಕ್ಕೆ ಹಲ್ಲಿನ ಬಣ್ಣದ ಕಾಂಪೋಸಿಟ್ ಅಥವಾ ಗ್ಲಾಸ್ ಅಯೊನೋಮರ್ ತುಂಬಿಸಬಹುದು. ಕಾಂಪೋಸಿಟ್ ಗಟ್ಟಿಯಾದ ಮೇಲೆ ಮೇಲ್ಮೈಯನ್ನು ಒರೆಸಿಸಿಕೊಂಡು ಬಾಯಿ ಮುಕ್ಕಳಿಸಿ ಉಗುಳಿದರೆ, ಗಟ್ಟಿಯಾಗದೆ ಉಳಿದ ರಾಳದ ಅಂಶವೂ ಹೋಗುತ್ತದೆ.

ಜೋಮು ಹಿಡಿಸಲು ಕೊಡುವ ಲಿಗ್ನೊಕೇನ್ ಇಂಜೆಕ್ಷನ್ನು, ಅದರಲ್ಲಿ ಅಡ್ರಿನಲಿನ್ ಬೆರೆತಿದ್ದರೂ, ಹಾಲುಣಿಸುವವರು ತೆಗೆದುಕೊಳ್ಳಬಹುದು. ಅದು ಹಾಲಿಗೆ ಬರುವುದೇ ಅತ್ಯಲ್ಪ, ಬಂದದ್ದೂ ಮಗುವಿನ ಹೊಟ್ಟೆಯಿಂದ ರಕ್ತಕ್ಕೆ ಹೆಚ್ಚು ಸೇರುವುದಿಲ್ಲ. ತುಟಿಯ ಜೋಮು ಇಳಿಯುವವರೆಗೆ ಕಾಯಬೇಕಿಲ್ಲ, ಮನೆಗೆ ಬಂದ ಕೂಡಲೇ ಹಾಲುಣಿಸಬಹುದು. ಹಲ್ಲಿನ ಎಕ್ಸ್‌ರೇ ಹಾಲಿನಲ್ಲಿ ಏನನ್ನೂ ಉಳಿಸುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಸಾಕು, ಆಸ್ಪಿರಿನ್ ಬೇಡ. ಕೊಡೀನ್ ಮತ್ತು ಟ್ರಾಮಡಾಲ್‌ಗಳನ್ನು ಹಾಲುಣಿಸುವವರು ತೆಗೆದುಕೊಳ್ಳಬಾರದು ಎಂದು 2017ರಲ್ಲಿಯೇ ಎಚ್ಚರಿಕೆ ನೀಡಲಾಗಿದೆ. ಅವುಗಳಿಂದ ಮಗುವಿಗೆ ವಿಪರೀತ ಮಂಪರು ಕವಿದು ಉಸಿರಾಟ ಕುಗ್ಗಬಹುದು. ಸೋಂಕಿದ್ದು ಆ್ಯಂಟಿಬಯಾಟಿಕ್ ಬೇಕಾದರೆ ಅಮಾಕ್ಸಿಸಿಲಿನ್ ಆಗಬಹುದು, ಆದರೆ ಮಗುವಿಗೆ ಭೇದಿ ಅಥವಾ ಬಾಯಲ್ಲಿ ಬಿಳಿ ಪದರ ಕಾಣಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಕೈಗೆ ಸಿಕ್ಕ ಆ ಚೂರನ್ನು ಕಸದ ಬುಟ್ಟಿಗಾಗಲೀ ಬೆಂಕಿಗಾಗಲೀ ಹಾಕಬೇಡಿ. ಕಾಯಿಸಿದರೆ ಅದರಿಂದ ಆವಿ ಹೊರಡುತ್ತದೆ. ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿಟ್ಟು, ಚಿಕಿತ್ಸೆಗೆ ಹೋಗುವಾಗ ದಂತವೈದ್ಯರ ಕೈಗೆ ಕೊಡಿ. ಒಡೆದದ್ದು ಫಿಲ್ಲಿಂಗ್ ಮಾತ್ರವೇ ಅಥವಾ ಅದರೊಂದಿಗೆ ಹಲ್ಲಿನ ಗೋಡೆಯೂ ಮುರಿದಿದೆಯೇ ಎಂಬುದು ಅವರಿಗೆ ಅದನ್ನು ನೋಡಿದರೆ ತಿಳಿಯುತ್ತದೆ.